ಡೀಸೆಲ್ ಹೆಪ್ಪುಗಟ್ಟಿದ ದಿನ

“ಡೀಸೆಲ್ ಹೆಪ್ಪುಗಟ್ತಾ? ಇದಕ್ಕಿಂತ ಒಳ್ಳೆ ಸುಳ್ಳು ಸಿಗ್ಲಿಲ್ವಾ ನಿಂಗೆ?!”

ಸಿಯಾಟಲ್ ಹತ್ತಿರದ ರೆಡ್ಮಂಡ್‌ನಲ್ಲಿ, ಎಜುಕೇಶನ್ ಹಿಲ್ ಬಡಾವಣೆಯ ಕೀರ್ತಿಯ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದ ವಿಜಯೇಂದ್ರ ತಲೆ ತಗ್ಗಿಸಲಿಲ್ಲ.

“ಖರೇನ ಹೇಳಾಕತ್ತೀನಿ ಕೀರ್ತಿ. ದಾರಿಯಾಗ ರಿಟ್ಜ್‌ವಿಲ್ ಹತ್ರ ಗಾಡಿ ನಿಂತ್ಬಿಡ್ತು. ಚಳಿಗೆ ಫೋನೂ ಬಂದ್ ಆತು...”

“ಅಪ್ಪ ಮೊನ್ನೆ ಇಡೀ ದಿನ ಸ್ಪೋಕೇನ್‌ನಲ್ಲಿ, ಅಕ್ಕನ ಮನೇಲಿ, ಕೋಟು ಹಾಕ್ಕೊಂಡು ನಿನಗೆ ಕಾಯ್ತಾ ಕೂತಿದ್ರು. ನಿನ್ನನ್ನ ನೋಡೋಕೆ ಒಪ್ಪಿದ್ದೇ ದೊಡ್ಡದು! ನಿಮ್ಮಮ್ಮ ಬೇಡ ಅಂದ್ರು, ನೀನು ಬರ್ಲಿಲ್ಲ. ಅಷ್ಟೇ ತಾನೆ?”

“ಅವ್ವನ ಹೆಸರ ಯಾಕ ತರ್ತಿ? ಆಕಿ ಒಪ್ಯಾಳ!”

ಕೀರ್ತಿ ಬಾಗಿಲು ಹಾಕಿಬಿಟ್ಟಳು.

ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಅವಳ ಕೆಲಸ, ಕೆಂಟ್‌ನ ವಿಮಾನದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವನ ಕೆಲಸ. ಎರಡು ವರ್ಷದ ಪ್ರೀತಿ ಆ ಬಾಗಿಲಿನ ಸದ್ದಿನೊಂದಿಗೆ ಮುಗಿಯಿತು.

ಕಾದು ಕೂತ ದಿನ ಸಂಜೆ ಅಪ್ಪ ಶೇಖರಪ್ಪ ಕೋಟು ಬಿಚ್ಚಿ ಮಡಚುತ್ತಾ ಅಂದಿದ್ದರು, “ಬರೋ ಮನಸ್ಸಿದ್ದೋನು ನಡ್ಕೊಂಡಾದ್ರೂ ಬರ್ತಾನೆ ಕಣಮ್ಮ.” ಮರುದಿನ ಅವರು ದಾವಣಗೆರೆಗೆ ಹೊರಟುಹೋದರು. ಆಷಾಢದಲ್ಲಿ ಹೃದಯಾಘಾತವಾಗಿ ತೀರಿಕೊಂಡರು.

ಸುದ್ದಿ ತಿಳಿದು ವಿಜಯೇಂದ್ರ ಮೆಸೇಜ್ ಕಳಿಸಿದ್ದ. ಕೀರ್ತಿ ಓದದೆಯೇ ಅಳಿಸಿಹಾಕಿದಳು.

ಮರುವರ್ಷ, 2017ರ ಜನವರಿ. ಅಕ್ಕನ ಮಗುವಿನ ನಾಮಕರಣಕ್ಕೆಂದು ಕೀರ್ತಿ, ಮನೆ ಹಂಚಿಕೊಂಡಿದ್ದ ಗೆಳತಿ ಪೂಜಿತಾಳ ಡೀಸೆಲ್ ಕಾರು ತೆಗೆದುಕೊಂಡು ಸ್ಪೋಕೇನ್‌ಗೆ ಹೊರಟಳು. ರೆಡ್ಮಂಡ್‌ನಲ್ಲಿ ಟ್ಯಾಂಕ್ ತುಂಬಿಸಿದಾಗ ಸಣ್ಣ ಮಳೆ. ಬೆಟ್ಟ ದಾಟಿ ಎರಡು ಗಂಟೆ ಕಳೆಯುವಷ್ಟರಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ! ರಿಟ್ಜ್‌ವಿಲ್ ಇನ್ನೂ ಐದು ಮೈಲಿ ಇರುವಾಗ ಕಾರು ಎರಡು ಸಲ ಜಗ್ಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗವಿಲ್ಲ. ಆಮೇಲೆ ನಿಂತೇಬಿಟ್ಟಿತು.

ಕಾರನ್ನು ಎಳೆದು ತಂದ ಗ್ಯಾರೇಜಿನ ಮುದುಕ ಫಿಲ್ಟರ್ ಬಿಚ್ಚಿ ತೋರಿಸಿದ. ಒಳಗೆ ಮೇಣದಂಥ ಬಿಳಿ ಮುದ್ದೆ, ಚಳಿಗಾಲದ ತುಪ್ಪದ ಹಾಗೆ. ಸಿಯಾಟಲ್ ಕಡೆಯ ಡೀಸೆಲ್ ಈ ಚಳಿ ತಡೆಯುವುದಿಲ್ಲ, ಪ್ರತಿ ವರ್ಷವೂ ಹೀಗೆ ಯಾರಾದರೂ ಸಿಕ್ಕಿಕೊಳ್ಳುತ್ತಾರೆ ಎಂದು ಇಂಗ್ಲಿಷಿನಲ್ಲಿ ತಣ್ಣಗೆ ಹೇಳಿದ.

ಕೀರ್ತಿ ಆ ಫಿಲ್ಟರನ್ನು ಕೈಗೆ ತೆಗೆದುಕೊಂಡು ನೋಡಿದಳು.

‘ಅವನು ನಿಜ ಹೇಳಿದ್ದ... ಅಕ್ಷರಶಃ ನಿಜ!’

ವಿಜಯೇಂದ್ರನಿಗೆ ಕಾಲ್ ಮಾಡಿದಳು. ಅವನು ಎತ್ತಿದ.

“ವಿಜಯ್... ನಾನು ರಿಟ್ಜ್‌ವಿಲ್‌ನಲ್ಲಿದೀನಿ. ಕಾರ್...”

ಆ ಕಡೆಯಿಂದ ಕಾರಿನ ಕೀಲಿಯ ಸದ್ದು ಕೇಳಿಸಿತು.

“ಒಳಗ ಬೆಚ್ಚಗ ಕೂಡು. ಬರ್ತೀನಿ.”

ಹಿಮದ ದಾರಿಯಲ್ಲಿ ನಾಲ್ಕೂವರೆ ಗಂಟೆ ಡ್ರೈವ್ ಮಾಡಿ ಬಂದ. ಸೊರಗಿಹೋಗಿದ್ದ. ಅವನು ಕಾರಿನಿಂದ ಇಳಿಯುತ್ತಿದ್ದಂತೆ ಕೀರ್ತಿ ಓಡಿಹೋದಳು. ಆದರೆ ಮುಟ್ಟುವ ಧೈರ್ಯವಾಗಲಿಲ್ಲ.

“ಒಂದ್ ವಿಷ್ಯ ಹೇಳ್ಬೇಕು,” ಎಂದಳು. “ಅಪ್ಪ ಕಾಯ್ತಿದ್ದ ದಿನ ಮಧ್ಯಾಹ್ನ ಗೊತ್ತಿಲ್ಲದ ನಂಬರಿಂದ ಎರಡು ಕಾಲ್ ಬಂದಿತ್ತು. ನೀನೇ ಬೇರೆಯವ್ರ ಫೋನಿಂದ ಮಾಡ್ತಿದೀಯ ಅನ್ನಿಸ್ತು. ಆದ್ರೂ ಎತ್ಲಿಲ್ಲ. ಕೋಪ... ಅಪ್ಪನ ಮುಂದೆ ಅವಮಾನ ಆಯ್ತು ಅಂತ ಕೋಪ!”

ವಿಜಯೇಂದ್ರ ಒಂದು ಹೆಜ್ಜೆ ಹಿಂದೆ ಸರಿದ.

“ನಿನಗ ಗೊತ್ತಿತ್ತೇನು?”

“ಹೂಂ...”

“ಒಂದ ಮಾತು, ಕೀರ್ತಿ. ಫೋನ್ ಎತ್ತಿದ್ರ ನಿಮ್ಮಪ್ಪಾರಿಗೆ ಒಂದ ಮಾತು ಹೇಳ್ತಿದ್ದೆ. ನಾ ಮೋಸಗಾರ ಅಂತ ತಿಳ್ಕೊಂಡ ಹೋದ್ರಲ್ಲ ಅವರು! ಈಗ ಯಾರ ಹತ್ರ ಹೋಗಿ ಹೇಳ್ಲಿ?”

ಅವನು ಆ ಕಡೆ ತಿರುಗಿ ನಿಂತ. ಹೆಗಲು ಅಲುಗುತ್ತಿತ್ತು. ಅಪ್ಪನ ಕೊನೆಯ ಅಭಿಪ್ರಾಯವನ್ನು ಇನ್ನು ಯಾರೂ ತಿದ್ದುವಂತಿರಲಿಲ್ಲ.

“ನನ್ನನ್ನ ಕ್ಷಮಿಸ್ತೀಯಾ?”

“ಇವತ್ತ ಆಗೂದಿಲ್ಲ.”

“ಮತ್ತೆ... ಯಾಕೆ ಬಂದೆ?”

ಅವನು ತನ್ನ ಜಾಕೆಟ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ. ಕೈ ಅಲ್ಲೇ ನಿಂತಿತು.

“ಸಿಟ್ಟು ಅದ. ಹೋಗೂದಿಲ್ಲ ಅನಸ್ತದ. ಆದ್ರ ನೀ ಚಳಿಯಾಗ ನಿಂತೀ ಅಂದ್ರ ನಾ ಹ್ಯಾಂಗ ಮನ್ಯಾಗ ಕೂಡ್ಲಿ? ಪ್ರೀತಿ ಮಾಡೇನಲ್ಲ...”

“ಸಿಟ್ಟು ಇದ್ರೂ ಇರ್ಲಿ ವಿಜಯ್. ಜೊತೆಗಿರು.”

“ಇರ್ತೀನಿ,” ಎಂದ ಅವನು, ಒದ್ದೆ ಕಣ್ಣಲ್ಲೇ. “ನಡಿ, ಸ್ಪೋಕೇನ್‌ನಾಗ ನಿಮ್ಮ ಅಕ್ಕ ಕಾಯ್ತಿರ್ತಾರ.”