ಕೂದಲು ಉದುರುವಷ್ಟು ದಿನ

"ಪೂರ್ತಿ ಬೋಳಿಸ್ಬುಡಿ ಮೇಡಂ," ಎಂದ ಕೆಂಪರಾಜು, ಅಕ್ಕೂರಿನಿಂದ ಕರೆತಂದ ಹಸ್ಕಿ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸುತ್ತಾ. "ರೇಷ್ಮೆ ಹುಳದ ಮನೆ ತುಂಬಾ ಇದರ ಕೂದ್ಲೇ. ಅವ್ವ ದಿನಾ ಬಯ್ತಾಳೆ. ಮೇಲೆ ಈ ಬಿಸ್ಲು ಬೇರೆ."

ಚನ್ನಪಟ್ಟಣದಲ್ಲಿ ನಾಯಿಗಳ ಗ್ರೂಮಿಂಗ್ ಅಂಗಡಿ ಇಟ್ಟಿದ್ದ ಭಾನುಪ್ರಿಯ ಟ್ರಿಮ್ಮರ್ ಎತ್ತಿ ಬದಿಗಿಟ್ಟಳು. "ಬೋಳಿಸಲ್ಲ. ಬಿಸಿಲಿಗೂ ಆ ಮೇಲಿನ ಕೂದಲೇ ಇದಕ್ಕೆ ನೆರಳು. ಒಳಗಿನ ಸತ್ತ ಉಣ್ಣೆ ಬಾಚಿ ತೆಗೆದರೆ ಗಾಳಿ ಆಡುತ್ತೆ."

"ನಮ್ ಕಡೆ ಬಿಸ್ಲು ನಿಮಗೇನ್ ಗೊತ್ತು?"

"ನಾನೂ ಇದೇ ಸೀಮೆ ಕಬ್ಬಾಳಿನೋಳೇ ಕಣ್ರೀ! ಬೋಳಿಸಿದ್ರೆ ಚರ್ಮ ಸುಟ್ಟೋಯ್ತದೆ, ಕೂದ್ಲು ನೆಟ್ಟಗೆ ಬರಾಕಿಲ್ಲ."

ಸಿಟ್ಟಿಗೆ ಊರ ಮಾತು ಹೊರಬಿದ್ದಿತ್ತು. ಅವನು ನಕ್ಕುಬಿಟ್ಟ. ಅವಳು ಮುಖ ತಿರುಗಿಸಿದಳು. ಕಿವಿ ಬಿಸಿಯಾಗಿತ್ತು.

ಅಂದಿನಿಂದ ಪ್ರತಿ ಶನಿವಾರ ಅವನು ಬಂದ. ಅವಳು ಬಾಚುವಾಗ ನಾಯಿಯ ಕುತ್ತಿಗೆ ಸವರುತ್ತಾ ನಿಲ್ಲುತ್ತಿದ್ದ. ಬಿಳಿ ಉಣ್ಣೆ ಹತ್ತಿಯಂತೆ ಹಾರಿ ಇಬ್ಬರ ಬಟ್ಟೆಗೂ ಅಂಟುತ್ತಿತ್ತು. ಒಮ್ಮೆ ಅವಳ ರೆಪ್ಪೆಯ ಮೇಲೆ ಒಂದು ಎಳೆ ಕೂತಿತು. ಅವನ ಕೈ ಮೇಲೆದ್ದು, ಅರ್ಧದಲ್ಲೇ ನಿಂತು, ಮತ್ತೆ ನಾಯಿಯ ಬೆನ್ನಿಗೆ ಮರಳಿತು. ಅರ್ಧಕ್ಕೇ ನಿಂತ ಆ ಕೈಯನ್ನು ಅವಳು ವಾರವಿಡೀ ನೆನೆದಳು.

ಜೊತೆಗೊಂದು ಭಯ. ಇಂಥ ನಾಯಿಗಳು ಹೀಗೆ ಉದುರಿಸುವುದು ಕೆಲವೇ ವಾರ. ಆಮೇಲೆ ಇವನಿಗೆ ಇಲ್ಲೇನು ಕೆಲಸ?

ಯುಗಾದಿ ಮುಗಿದ ಮೇಲಿನ ಶನಿವಾರ ಬಾಚಣಿಗೆಗೆ ಏನೂ ಸಿಗಲಿಲ್ಲ. ಅವಳು ಮತ್ತೆ ಮತ್ತೆ ಎಳೆದಳು. ಸುಮ್ಮನಿದ್ದುಬಿಡಬಹುದಿತ್ತು. ಸುಳ್ಳು ಹೇಳಿ ಕರೆಸಿಕೊಳ್ಳಲು ಮಾತ್ರ ಮನಸ್ಸು ಬರಲಿಲ್ಲ.

"ಉದುರೋದು ಮುಗೀತು," ಎಂದಳು, ಅವನ ಕಡೆ ನೋಡದೆ. "ಇನ್ನು ಇಲ್ಲಿಗೆ ಬರಬೇಕಾಗಿಲ್ಲ. ಆಗಾಗ ಮನೇಲೇ ಬಾಚಿದ್ರೆ ಸಾಕು."

"ಮನೇಲಿ ದಿನಾ ಬಾಚ್ತಾನೇ ಇವ್ನಿ. ನೀವು ಬೈದ ಮಾರನೇ ದಿನವೇ ಬಾಚಣಿಗೆ ತಂದೆ."

ಅವಳ ಕೈ ನಿಂತಿತು. "ಮತ್ತೆ ಇಲ್ಲಿ ಅಷ್ಟೊಂದು ಬರ್ತಿತ್ತಲ್ಲ?"

"ಹಿಂಗಾಲಿನ ಕಡೆ ಬಾಚ್ದೆ ನಿಮಗೇಂತ ಬುಟ್ಟಿರ್ತಿದ್ದೆ." ಅವನ ದನಿ ತಗ್ಗಿತು. "ಈ ವಾರ ಅಲ್ಲೂ ಖಾಲಿ. ಏನ್ ನೆಪ ಹೇಳ್ಲಿ ಅಂತ ದಾರೀಲೆಲ್ಲಾ ಯೋಚ್ನೆ ಮಾಡ್ದೆ. ಒಂದೂ ಹೊಳೀಲಿಲ್ಲ. ಆದ್ರೂ ಬಂದ್ಬುಟ್ಟೆ."

ಅವಳು ನಿಧಾನವಾಗಿ ಏಪ್ರನ್ ಬಿಚ್ಚಿದಳು.

"ಶನಿವಾರ ಬರಬೇಡಿ."

ಅವನ ಮುಖ ಇಳಿಯಿತು. "ಆಯ್ತು ಬುಡಿ."

"ಭಾನುವಾರ ಬನ್ನಿ," ಎಂದು ಅವಳು ಆಗ ತಲೆಯೆತ್ತಿ ಅವನನ್ನು ಕಣ್ತುಂಬ ನೋಡಿದಳು. "ಅಂಗ್ಡಿ ರಜ. ಯಾವ ಕೆಲ್ಸಾನೂ ಇರಾಕಿಲ್ಲ."