ಸ್ಕ್ರೂ ಬಿತ್ತು, ಅಲ್ಲಾಡಬೇಡಿ

"ಈ ಮನೇಲಿ ಒಂದು ವಸ್ತುನಾದ್ರೂ ಇಟ್ಟ ಜಾಗದಲ್ಲಿ ಇರುತ್ತಾ?"

ಅಪ್ಪ ಕಪಾಟಿನ ಬಾಗಿಲನ್ನು ದಡಾರನೆ ಬಡಿದ. ಪಕ್ಕದಲ್ಲೇ ನಿಂತಿದ್ದ ಗುಂಡ ಬೆಚ್ಚಿಬಿದ್ದ. ಅವನ ಕೈಲಿದ್ದ ಹಾಲು ನೆಲದ ಪಾಲಾಯಿತು.

"ಕಣ್ಣು ಎಲ್ಲಿಟ್ಕೊಂಡಿದೀಯೋ?"

ಮನೆಯಲ್ಲಿ ಪಟಾಕಿ ಎಂಬ ಹೆಸರಿರುವುದು ಗುಂಡನ ಅಕ್ಕನಿಗೆ. ಆದರೆ ಅಮ್ಮ ದೂರದ ಊರಿನ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಹೋದಮೇಲೆ ಸಿಡಿಯುವುದೆಲ್ಲ ಅಪ್ಪನೇ. ಇವತ್ತು ಭಾನುವಾರ. ಬೆಳಗ್ಗೆ ಎಂಟಕ್ಕೆ ಬರಬೇಕಿದ್ದ ಅಮ್ಮನ ಫೋನು ಒಂಬತ್ತೂವರೆಯಾದರೂ ಬಂದಿರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು.

ಪಟಾಕಿಗೆ ಮೊದಲಿನ ಅಪ್ಪ ಬೇಕೆನಿಸಿ ಅಳು ಬಂತು. ಅಂಗಡಿಯಲ್ಲಿ ವಾಚ್ ರಿಪೇರಿ ಮಾಡುವಾಗ ಅವನಿಗೆ ಎಷ್ಟು ತಾಳ್ಮೆ! ಸಾಸಿವೆಗಿಂತ ಸಣ್ಣ ಸ್ಕ್ರೂ ಕೆಳಗೆ ಬಿದ್ದರೂ ರೇಗುವುದಿಲ್ಲ. "ಸ್ಕ್ರೂ ಬಿತ್ತು, ಅಲ್ಲಾಡಬೇಡಿ" ಎನ್ನುತ್ತಾನೆ, ಅಷ್ಟೇ. ಗಿರಾಕಿಗಳೂ ನಿಂತಲ್ಲೇ ನಿಲ್ಲಬೇಕು. ಅಪ್ಪ ಅಂಗೈಯಿಂದ ಮೆಲ್ಲಗೆ ನೆಲ ಸವರುತ್ತಾನೆ. ಅದು ಸಿಗುವವರೆಗೆ ಯಾರೂ ಪಿಟಕ್ಕೆನ್ನುವಂತಿಲ್ಲ.

ಅಪ್ಪ ಗುಂಡನ ಮೇಲೆ ಕೈ ಎತ್ತಿದ.

"ಅಪ್ಪಾ, ಸ್ಕ್ರೂ ಬಿತ್ತು!" ಪಟಾಕಿ ಕೂಗಿದಳು.

ಎತ್ತಿದ ಕೈ ಹಾಗೇ ನಿಂತಿತು. ಹಿಂದೆ ಸರಿಯಲು ಹೊರಟಿದ್ದ ಗುಂಡ ಒಂಟಿಕಾಲಿನಲ್ಲೇ ನಿಂತುಬಿಟ್ಟ. ಅಪ್ಪ ಚೆಲ್ಲಿದ ಹಾಲಿನ ಪಕ್ಕ ನಿಧಾನವಾಗಿ ಮಂಡಿಯೂರಿ ನೆಲ ಸವರತೊಡಗಿದ.

"ಎಲ್ಲಿ ಬಿತ್ತಮ್ಮಾ? ಯಾವ ವಾಚಿಂದು?" ಅದು ಅಂಗಡಿಯ ದನಿ.

ಪಟಾಕಿ ತಾನೂ ಕೂತು ಸವರಿದಳು. ಕಪಾಟಿನ ಅಡಿಯಲ್ಲಿ ಅಪ್ಪನ ಕೈಗೆ ಏನೋ ಸಿಕ್ಕಿತು. ಅಮ್ಮನ ನೀಲಿ ಹೇರ್‌ಕ್ಲಿಪ್.

ಅಪ್ಪ ಅದರ ಧೂಳು ಒರೆಸಿದ. ಧೂಳೆಲ್ಲ ಹೋದಮೇಲೂ ಒರೆಸುತ್ತಲೇ ಇದ್ದ.

"ಸ್ಕ್ರೂ ಬಿದ್ದೇ ಇಲ್ಲ, ಅಲ್ವಾ?"

"ಇಲ್ಲಪ್ಪಾ. ಸುಳ್ಳು ಹೇಳ್ದೆ."

"ಒಳ್ಳೇದೇ ಆಯ್ತು ಬಿಡು. ಇನ್ನೊಂದ್ಸಲ ನಾನು ಹೀಗಾಡಿದ್ರೆ, ಹೀಗೇ ಕೂಗು."

"ನಾನು ಕಾಲು ಕೆಳಗಿಡ್ಲಾ?" ಗುಂಡ ಕೇಳಿದ.

ಅಪ್ಪನಿಗೆ ನಗು ಬಂತು. ಗುಂಡನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. "ಹೆದರಿಸ್ಬಿಟ್ಟೆ ಅಲ್ವೇನೋ ನಿನ್ನ" ಎಂದು ತಲೆ ಸವರಿದ.

"ಅಪ್ಪಾ, ಬೆಳಗ್ಗೆಯಿಂದ ಕಪಾಟಲ್ಲಿ ಏನು ಹುಡುಕ್ತಿದ್ದೆ?" ಪಟಾಕಿ ಕೇಳಿದಳು.

ಅಪ್ಪ ಯೋಚಿಸಿದ. "ಏನೋ... ನೆನಪೇ ಆಗ್ತಿಲ್ಲ ನೋಡು."

ಪಟಾಕಿಗೆ ಗೊತ್ತಾಯಿತು. ಅಮ್ಮನ ಫೋನಿಗೆ ಕಾಯುತ್ತ ಬೆಳಗ್ಗೆಯಿಂದ ಅವಳೂ ಅಡುಗೆಮನೆಗೆ ನಾಲ್ಕು ಸಲ ಸುಮ್ಮನೆ ಹೋಗಿ ಬಂದಿದ್ದಳು.

ಅವಳು ಮೇಜಿನ ಮೇಲಿದ್ದ ಫೋನನ್ನು ತಂದು, ನೆಲದ ಮೇಲೆ ಮೂವರ ನಡುವೆ ಇಟ್ಟು, ಅಪ್ಪನಿಗೆ ಒರಗಿ ಕೂತಳು.