ನಲ್ಲಿಯ ಮೊದಲ ನೀರು

ಹೊಳೆನರಸೀಪುರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಹನ್ನೊಂದು ವರ್ಷದ ಧನ್ಯಾ ಫಿಟ್ಸ್ ಬಂದು ಬಿದ್ದದ್ದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆಯ ಹೊತ್ತಿಗೆ. ಹಾಸನದ ಆಸ್ಪತ್ರೆ ತಲುಪುವಷ್ಟರಲ್ಲಿ ಉಸಿರು ನಿಂತಿತ್ತು. ಇನ್ನೂ ನಾಲ್ಕು ಹುಡುಗಿಯರು ಹೊಟ್ಟೆನೋವಿನಿಂದ ವಾರ್ಡು ಸೇರಿದರು. ಗುರುವಾರ ರಕ್ತದ ವರದಿ ಬಂತು. ಐವರ ರಕ್ತದಲ್ಲೂ ಸೀಸ. ಸಂಜೆಯೊಳಗೆ ಅಡುಗೆಯ ಬೆಟ್ಟಮ್ಮನನ್ನು ಪೊಲೀಸರು ಕರೆದೊಯ್ದರು.

ಮರುದಿನ ಸಬ್ ಇನ್ಸ್‌ಪೆಕ್ಟರ್ ರಜನೀಶ್ ಫೋನ್ ಮಾಡಿದ್ದು ಪ್ರೊಫೆಸರ್ ನೀಲಾಂಬಿಕೆಗೆ. ಹಾಸನದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇಪ್ಪತ್ತೆಂಟು ವರ್ಷ ಕುಡಿಯುವ ನೀರಿನ ಬಗ್ಗೆ, ಅದು ತನ್ನ ಪೈಪನ್ನೇ ತಿನ್ನುವ ಬಗೆಯ ಬಗ್ಗೆ ಸಂಶೋಧನೆ ಮಾಡಿದವರು. ಮದುವೆ ಮನೆಗೆ ಹೋದರೂ ಮೊದಲು ಬಚ್ಚಲಿನ ನಲ್ಲಿ ನೋಡುತ್ತಾರೆ ಎಂದು ಸಹೋದ್ಯೋಗಿಗಳು ನಗುತ್ತಿದ್ದರು.

"ಅರಿಶಿನದ ಪುಡಿ ಮೇಡಂ," ಎಂದ ರಜನೀಶ್. "ಬಣ್ಣಕ್ಕೆ ಸೀಸ ಬೆರೆಸ್ತಾರಂತೆ. ಈ ಅಡುಗೆಯಾಕೆ ಅರಕಲಗೂಡು ಸಂತೆಯಿಂದ ಬಿಡಿ ಪುಡಿ ತರ್ತಾಳೆ. ವಾರ್ಡನ್ ಜೊತೆ ಜಗಳಾನೂ ಆಗಿತ್ತು."

"ಅಲ್ಲಿ ಎಷ್ಟು ಜನ ಊಟ ಮಾಡ್ತಾರೆ?"

"ಅರವತ್ತು."

"ಹಾಸಿಗೆ ಹಿಡಿದೋರು ಐದೇ ಜನ."

ಅಡುಗೆಮನೆಯ ಸಾಮಾನನ್ನೆಲ್ಲ ಪರೀಕ್ಷೆಗೆ ಕಳಿಸಲು ಹೇಳಿ ನೀಲಾಂಬಿಕೆ ಫೋನ್ ಇಟ್ಟರು.

*

ಅರಿಶಿನದಲ್ಲಿ ಸೀಸ ಇರಲಿಲ್ಲ. ಖಾರದಪುಡಿ, ಉಪ್ಪು, ಪಾತ್ರೆ, ಯಾವುದರಲ್ಲೂ ಇರಲಿಲ್ಲ. ಉಳಿದದ್ದು ನೀರು.

ಠಾಣೆಯಲ್ಲಿ ರಜನೀಶ್ ಒಂದು ಕಾಗದ ಮುಂದಿಟ್ಟ. ಹಾಸ್ಟೆಲ್ ನಡೆಸುವ ಟ್ರಸ್ಟಿನ ಎಂಜಿನಿಯರ್ ಅನಿಲ್‌ಕುಮಾರ್ ತಿಂಗಳ ಹಿಂದೆ ಮಾಡಿಸಿದ ಪರೀಕ್ಷೆ. ಬೆಳಗಿನ ಐದಕ್ಕೆ, ಯಾರೂ ನಲ್ಲಿ ತಿರುಗಿಸುವ ಮೊದಲು ಹಿಡಿದ ನೀರು. ಸೀಸ ಇಲ್ಲ.

ಸಹಿ ನೋಡಿ ನೀಲಾಂಬಿಕೆಗೆ ಸಮಾಧಾನವಾಯಿತು. ಅನಿಲ್ ತಮ್ಮದೇ ಶಿಷ್ಯ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿಗೇ ಲೋಹ ಸೇರುವುದು, ಪರೀಕ್ಷೆಗೆ ಅದನ್ನೇ ಹಿಡಿಯಬೇಕು ಎಂದು ಬಲ್ಲವನು.

ಆದರೂ ಬೆಟ್ಟಮ್ಮನನ್ನು ಕೇಳಿದರು. "ಎಂಜಿನಿಯರ್ ನೀರು ಹಿಡಿಯೋಕೆ ಬಂದ ದಿನ ನೆನಪಿದೆಯಾ?"

"ಇಲ್ದೆ ಏನವ್ವ. ನಾನು ಎದ್ದು ಬರಾ ಒತ್ಗೆ ಎಲ್ಲಾ ನಲ್ಲೀನೂ ಬಿಟ್ಬುಟ್ಟಿದ್ರು. ಬಚ್ಲು ಕಟ್ಕಂಡು ನೀರು ಅಂಗ್ಳಕ್ಕೇ ಬಂದಿತ್ತು. ಯಾಕ್ಸಾ ಅಂದ್ರೆ, ಪೈಪು ತೊಳೀತಿವ್ನಿ ಸುಮ್ಕಿರು ಅಂದ್ರು. ಆಮ್ಯಾಕೆ ಬಾಟ್ಲಿ ತುಂಬ್ಕಂಡ್ರು."

ನೀಲಾಂಬಿಕೆ ಆ ಕಾಗದವನ್ನು ಮಡಚಿಕೊಂಡು ನೇರ ಆಸ್ಪತ್ರೆಗೆ ಹೊರಟರು.

*

ವಾರ್ಡಿನಲ್ಲಿ ಸ್ನೇಹಲತಾ ಎಂಬ ಹುಡುಗಿ ಕ್ಷೀಣ ದನಿಯಲ್ಲಿ ಹೇಳಿದಳು. "ಓದೋಕೆ ಬೇಗ ಏಳೋರು ನಾವು ಐದು ಜನಾನೇ ಆಂಟಿ. ಧನ್ಯಾನೇ ಫಸ್ಟು. ಎದ್ದ ತಕ್ಷಣ ನಲ್ಲೀಲಿ ಎರಡು ಬಾಟ್ಲಿ ತುಂಬಿಟ್ಕೊಳ್ಳೋಳು."

ಅಂದೇ ಕುಡಿಯುವ ನೀರಿನ ನಲ್ಲಿಗೆ ಬೀಗ ಬಿತ್ತು. ಮರುದಿನ ಬೆಳಗಿನ ಐದಕ್ಕೆ ಬೀಗ ತೆಗೆಸಿ ನೀಲಾಂಬಿಕೆ ತಾವೇ ನೀರು ಹಿಡಿದರು. ಮೊದಲ ಬಾಟಲಿಯಲ್ಲಿ ಸೀಸ ಮಿತಿಯ ನೂರಿಪ್ಪತ್ತು ಪಟ್ಟು ಇತ್ತು. ಅರ್ಧ ಗಂಟೆ ಹರಿಯಬಿಟ್ಟು ಹಿಡಿದ ಬಾಟಲಿಯಲ್ಲಿ ಏನೂ ಇರಲಿಲ್ಲ.

*

ಅನಿಲ್‌ಕುಮಾರ್ ಚನ್ನರಾಯಪಟ್ಟಣದ ತನ್ನ ಆಫೀಸಿನಲ್ಲೇ ಸಿಕ್ಕ. ಗುರುಗಳನ್ನು ಕಂಡು ಎದ್ದು ನಿಂತ. ಹಿಂದೆಯೇ ರಜನೀಶ್ ಬಂದದ್ದು ನೋಡಿ ಕುಳಿತ.

"ಆ ಕಟ್ಟಡ ಹಳೇ ಬಂಗಲೆ," ಎಂದರು ನೀಲಾಂಬಿಕೆ. "ಗೋಡೆಯೊಳಗೆ ಸೀಸದ ಪೈಪು. ಬಾವಿಯ ಗಡಸು ನೀರು ಹರಿದೂ ಹರಿದೂ ಪೈಪಿನೊಳಗೆ ಸುಣ್ಣದ ಪದರ ಕಟ್ಟಿತ್ತು. ಅದೇ ಎಲ್ಲರನ್ನೂ ಕಾಯ್ತಿತ್ತು. ಆರು ತಿಂಗಳ ಹಿಂದೆ ನೀನು ಶುದ್ಧೀಕರಣ ಘಟಕ ಹಾಕಿ, ಖನಿಜ ತೆಗೆದ ನೀರನ್ನ ಅದೇ ಪೈಪಿಗೆ ಬಿಟ್ಟೆ. ಆ ನೀರು ಪದರವನ್ನ ತಿಂದುಹಾಕ್ತು. ಅಲ್ಲೀತನಕ ನಿಂದು ತಪ್ಪು ಅಷ್ಟೇ."

ಅನಿಲ್ ತಲೆ ಎತ್ತಿದ.

"ಅಪರಾಧ ಆಮೇಲಿಂದು. ನೀನು ಲ್ಯಾಬಿಗೆ ಕೊಟ್ಟಿದ್ದು ಒಂದು ಬಾಟಲಿ ಅಲ್ಲ, ಎರಡು. ವಾರದ ಅಂತರ. ಲ್ಯಾಬಿನ ರಿಜಿಸ್ಟರ್ ರಜನೀಶ್ ಕೈಲಿದೆ. ಮೊದಲನೇದರಲ್ಲಿ ಸೀಸ ಎಂಬತ್ತು ಪಟ್ಟು. ಅದನ್ನ ಮುಚ್ಚಿಟ್ಟೆ. ಎರಡನೇ ಸಲ ನಿಂತ ನೀರನ್ನೆಲ್ಲ ಚರಂಡಿಗೆ ಬಿಟ್ಟು ಬಾಟಲಿ ತುಂಬಿದೆ. ವಿಷಯ ಗೊತ್ತಿಲ್ಲದೋರು ಹಾಗೆ ಮಾಡೋಲ್ಲ."

ಅನಿಲ್ ಮೇಜಿನ ಮೇಲಿನ ಕಡತಗಳನ್ನು ಬದಿಗೆ ಸರಿಸಿದ.

"ದೊಡ್ಡದಾಗಿ ಉದ್ಘಾಟನೆ ಆಗಿತ್ತು ಮೇಡಂ. ಘಟಕ ನಿಲ್ಸಿದ್ರೆ ಕೆಲಸ ಹೋಗ್ತಿತ್ತು. ಬೇಸಿಗೆ ರಜೇಲಿ ಸದ್ದಿಲ್ದೆ ಪೈಪ್ ಬದಲಾಯಿಸೋಣ ಅಂತಿದ್ದೆ."

"ಅಲ್ಲೀತನಕ ಮಕ್ಕಳು?"

"ಏನೂ ಆಗಲ್ಲ ಅಂದ್ಕೊಂಡೆ."

"ಎಷ್ಟು ಸೀಸಕ್ಕೆ ಏನಾಗುತ್ತೆ ಅಂತ ನಿನಗೆ ಪಾಠ ಮಾಡಿದ್ದು ನಾನು, ಅನಿಲ್."

ರಜನೀಶ್ ಅವನ ತೋಳು ಹಿಡಿದು ಎಬ್ಬಿಸಿದ.

*

ಆ ಸಂಜೆ ಬೆಟ್ಟಮ್ಮನನ್ನು ಬಿಟ್ಟರು. ಅರಕಲಗೂಡಿನ ಅವಳ ಮನೆಗೆ ನೀಲಾಂಬಿಕೆಯೇ ಕಾರಿನಲ್ಲಿ ಕರೆದುಕೊಂಡು ಹೊರಟರು. ಊರು ದಾಟುವಾಗ ಅವಳು ಹಾಸ್ಟೆಲಿನ ಕಡೆ ತಿರುಗಿ ನೋಡಿದಳು.

"ಆ ಮಗೀನ ದಿನಾ ಎಬ್ಬುಸ್ತಿದ್ದೋಳು ನಾನೇ ಕಣವ್ವ," ಎಂದಳು ಆಮೇಲೆ. "ಎಲ್ರಿಗಿಂತ ಮೊದ್ಲು ಎಬ್ಬುಸು ಬೆಟ್ಟವ್ವ ಅಂತ ಕೇಳ್ಕಂಡಿತ್ತು. ನಾನು ಎಬ್ಬುಸ್ದೆ ಓಗಿದ್ರೆ ಉಳ್ಕತಿತ್ತಾ?"

ದಿನವೂ ಅರ್ಧ ಗಂಟೆ ತಡವಾಗಿ ಎದ್ದಿದ್ದರೆ ಮಗು ಉಳಿಯುತ್ತಿತ್ತು. ನೀಲಾಂಬಿಕೆಗೆ ಅದು ಖಚಿತವಾಗಿ ಗೊತ್ತಿತ್ತು.

"ಇಲ್ಲ ಬೆಟ್ಟಮ್ಮ," ಎಂದರು. ಇಪ್ಪತ್ತೆಂಟು ವರ್ಷದಲ್ಲಿ ನೀರಿನ ಬಗ್ಗೆ ಅವರು ಹೇಳಿದ ಮೊದಲ ಸುಳ್ಳು ಅದು.